ಸಹಾಯ ಬೇಕು: ಕಿವಿ ಕೇಳದ ನಮ್ಮ ತಾತನವರ ಬದುಕನ್ನು ದಾಖಲಿಸಲು

ಎಲ್ಲರಿಗೂ ನಮಸ್ಕಾರ. ತುಮಕೂರು ತಾಲ್ಲೂಕಿನ ನಮ್ಮ ತಾತನವರು ಕಳೆದ ವರ್ಷ ತೀರಿಕೊಂಡರು. ಹುಟ್ಟಿನಿಂದಲೇ ಕಿವಿ ಕೇಳದ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಹಳ್ಳಿಕಾರ್ ಎತ್ತುಗಳ ವ್ಯಾಪಾರ ಮಾಡಿಕೊಂಡು, ದೊಡ್ಡ ಕುಟುಂಬವೊಂದನ್ನು ಯಜಮಾನರಾಗಿ ನಿಂತು ನಡೆಸಿದರು. ಮಹಾಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆಯಲ್ಲಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿಯಿದ್ದುದರಿಂದ, ಅವರು ಅಲ್ಲಿ ಯಾರಿಗೂ ಕಡಿಮೆಯಾಗಿರಲಿಲ್ಲ. ಎತ್ತಿನ ಬಾಯಿ ತೆರೆಸಿ ಹಲ್ಲು ನೋಡಿ, ಸುಳಿಗಳ ಮೇಲೆ ಅಂಗೈ ಆಡಿಸಿದ ನಂತರವೇ ಕೈಯನ್ನು ಟವೆಲ್ಲಿನೊಳಗೆ ಚಾಚುತ್ತಿದ್ದರು.

ಮನೆಯಲ್ಲಿ ಅವರು ಬಳಸುತ್ತಿದ್ದ ಸನ್ನೆಗಳು ಅವರೇ ಕಟ್ಟಿಕೊಂಡವು. ಮೂಗುತಿಯ ಜಾಗ ಮುಟ್ಟಿಕೊಂಡರೆ ಅಜ್ಜಿ, ಕಿರುಬೆರಳನ್ನು ಮಡಚಿ ತೋರಿಸಿದರೆ ಚಿಕ್ಕಪ್ಪ. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು ನಿಘಂಟನ್ನು ಹೊರತಂದಿದೆಯಾದರೂ, ಒಂದು ಮನೆಯೊಳಗೇ ಹುಟ್ಟಿದ ಇಂಥ ಸನ್ನೆಗಳನ್ನು ಆ ಮನೆಯವರೇ ಉಳಿಸಿಕೊಳ್ಳಬೇಕಷ್ಟೆ. ಅವುಗಳನ್ನು ಪೂರ್ತಿ ಬಲ್ಲವರು ಅಜ್ಜಿ ಮತ್ತು ದೊಡ್ಡಪ್ಪ; ಇಬ್ಬರಿಗೂ ವಯಸ್ಸಾಗಿದೆ.

ಆದ್ದರಿಂದ, ಸನ್ನೆಗಳನ್ನು ಕ್ರಮವಾಗಿ ವಿಡಿಯೊದಲ್ಲಿ ದಾಖಲಿಸುವುದು ಹೇಗೆಂದು ತಿಳಿಸಬಲ್ಲ, ಸಂಜ್ಞಾ ಭಾಷೆ ಬಲ್ಲವರು ನಮ್ಮ ಭಾಗದಲ್ಲಿದ್ದರೆ ದಯವಿಟ್ಟು ತಿಳಿಸಿ. ಪುಣ್ಯಸ್ಮರಣೆಗೆ ಬರಲಿರುವ ತಾತನವರ ಕಿವುಡ ಗೆಳೆಯರೊಂದಿಗೆ ಮಾತುಕತೆಗೂ ಅಂಥವರ ನೆರವು ಬೇಕಾಗಿದೆ. 1970–80ರ ದಶಕದ ಸಿದ್ಧಗಂಗೆ ಜಾತ್ರೆಯ ಫೋಟೊಗಳು ಯಾರ ಬಳಿಯಾದರೂ ಇದ್ದರೆ, ಸ್ಕ್ಯಾನ್ ಮಾಡಿಕೊಂಡು ಜೋಪಾನವಾಗಿ ಹಿಂದಿರುಗಿಸುತ್ತೇವೆ.