ಡಿ'ಸೋಜ ಹೆಸರು ಬಂದರೆ ಸಿ ಪ್ರೋಗ್ರಾಂ ಎರರ್ ಕೊಡುವುದೇಕೆ?

ಪ್ರಶ್ನೆ: ನಮಸ್ಕಾರ ಮೇಡಂ. ಮಂಗಳೂರಿನ ಒಂದು ಸಹಕಾರ ಸಂಘಕ್ಕೆ ಸದಸ್ಯರ ಪಟ್ಟಿಯ ಪ್ರೋಗ್ರಾಂ ಬರೆಯುತ್ತಿದ್ದೇನೆ. ಸಿ ಭಾಷೆ, ಎಸ್‌ಕ್ಯೂಲೈಟ್ ಡೇಟಾಬೇಸ್. ಹೆಸರು ಸೇರಿಸುವ ಇನ್ಸರ್ಟ್ ಸ್ಟೇಟ್‌ಮೆಂಟನ್ನು ಸ್ಪ್ರಿಂಟ್‌ಎಫ್‌ನಲ್ಲಿ (ಪಠ್ಯ ಜೋಡಿಸುವ ಸಿ ಫಂಕ್ಷನ್) ಕಟ್ಟುತ್ತೇನೆ. ಹೆಸರಿನ ಜಾಗದಲ್ಲಿ '%ಎಸ್' ಇದೆ, ಅಲ್ಲಿ ಹೆಸರು ತುಂಬಿಕೊಳ್ಳುತ್ತದೆ. ಶೆಟ್ಟಿ, ಭಟ್, ಬಂಗೇರ ಎಲ್ಲಾ ಸರಿಯಾಗಿ ಸೇರುತ್ತವೆ. ಡಿ'ಸೋಜ, ಡಿ'ಕುನ್ಹ ಬಂದರೆ ಸಿಂಟ್ಯಾಕ್ಸ್ ಎರರ್. ಹೆಸರನ್ನು ಕೋಡಿನಲ್ಲೇ ಬರೆದು, ಕೋಟ್ ಹಿಂದೆ \ ಹಾಕಿ ನೋಡಿದೆ. ಮತ್ತೆ ಅದೇ ಕಥೆ.

ಉತ್ತರ: ನೀವು ಬರೆದದ್ದನ್ನು ಮೊದಲು ಸಿ ಕಂಪೈಲರ್ ಓದುತ್ತದೆ, ಆಮೇಲೆ ಡೇಟಾಬೇಸ್. ಎರಡರ ನಿಯಮವೂ ಬೇರೆ. ಸಿಯಲ್ಲಿ ಸ್ಟ್ರಿಂಗ್‌ಗೆ (ಅಕ್ಷರಗಳ ಸಾಲಿಗೆ) " ಬೇಕು. ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಸ್ಟ್ರಿಂಗ್‌ಗೆ ' ಬೇಕು, " ಇರುವುದು ಟೇಬಲ್, ಕಾಲಂ ಹೆಸರುಗಳಿಗೆ.

ಕೋಡಿನಲ್ಲಿ \' ಬರೆದರೆ ಆ \ ಅನ್ನು ಕಂಪೈಲರೇ ನುಂಗಿಬಿಡುತ್ತದೆ. ಡೇಟಾಬೇಸಿಗೆ ಬರೀ ' ತಲುಪುತ್ತದೆ. \\' ಬರೆದು ಒಂದು \ ದಾಟಿಸಿದರೂ ಎಸ್‌ಕ್ಯೂಲೈಟ್‌ಗೆ ಅದು ಸಾಮಾನ್ಯ ಅಕ್ಷರ ಅಷ್ಟೇ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸಿನಲ್ಲಿ ಡಿಫಾಲ್ಟ್ ಆಗಿ ಕೋಟ್ ಹಿಂದಿನ \ ನಡೆಯುತ್ತದೆ, ಗೊಂದಲ ಶುರುವಾಗುವುದೇ ಅಲ್ಲಿಂದ. ಈಗ 'ಡಿ'ಸೋಜ' ನೋಡಿ. 'ಡಿ' ಅನ್ನುವಲ್ಲಿಗೆ ಸ್ಟ್ರಿಂಗ್ ಮುಗಿಯಿತು. ಉಳಿದ ಸೋಜ ಏನು ಅಂತ ಡೇಟಾಬೇಸಿಗೆ ತಿಳಿಯುವುದಿಲ್ಲ.

ಒಳಗಿನ ಕೋಟನ್ನು ಎರಡು ಸಲ ಬರೆದರೆ ಸರಿಹೋಗುತ್ತದೆ: 'ಡಿ''ಸೋಜ'. ಅದು ಎರಡು ಒಂಟಿ ಕೋಟ್, ಒಂದು " ಅಲ್ಲ. ಎಸ್‌ಕ್ಯೂಲೈಟ್‌ನದೇ ಫಂಕ್ಷನ್ ಎಂಪ್ರಿಂಟ್‌ಎಫ್‌ನಲ್ಲಿ %ಎಸ್ ಬದಲು %ಕ್ಯೂ ಹಾಕಿದರೆ ಈ ಕೆಲಸವನ್ನು ಅದೇ ಮಾಡುತ್ತದೆ. ಆದರೂ ನಾನು ಆ ದಾರಿ ಹೇಳುವುದಿಲ್ಲ. ಒಂದು ಕಡೆ ಮರೆತರೂ ಸಾಕು, ಯಾರಾದರೂ ಹೆಸರಿನ ಜಾಗದಲ್ಲಿ ತಮ್ಮ ಎಸ್‌ಕ್ಯೂಎಲ್ ತೂರಿಸಬಹುದು. ಜನರ ಲೆಕ್ಕಪತ್ರ ಇರುವ ಜಾಗ, ಅಲ್ವಾ?

ಹೆಸರಿನ ಜಾಗದಲ್ಲಿ ? ಇಟ್ಟು ಪ್ರಿಪೇರ್ ಮಾಡಿ, ಅಂದರೆ ಸ್ಟೇಟ್‌ಮೆಂಟನ್ನು ಮೊದಲೇ ಸಿದ್ಧಪಡಿಸಿ. ಆಮೇಲೆ ಬೈಂಡ್_ಟೆಕ್ಸ್ಟ್ ಫಂಕ್ಷನ್‌ನಲ್ಲಿ ಆ ? ಜಾಗಕ್ಕೆ ಹೆಸರು ಕೊಡಿ. ಹೆಸರು ಎಸ್‌ಕ್ಯೂಎಲ್ ಒಳಗೆ ಸೇರುವುದೇ ಇಲ್ಲ, ಅದರಲ್ಲಿ ಎಷ್ಟು ಕೋಟ್ ಇದ್ದರೂ ತೊಂದರೆ ಇಲ್ಲ.

ಪ್ರಶ್ನೆ: ಮಾಡಿದೆ ಮೇಡಂ. ಎರರ್ ಹೋಯಿತು. ಆದರೆ ಎಲ್ಲರ ಹೆಸರಿನ ಕಾಲಂನಲ್ಲೂ ಬರೀ ? ಸೇರುತ್ತಿದೆ!

ಉತ್ತರ: ಹಳೆಯ ಕೋಟ್ ಹಾಗೇ ಉಳಿದಿರಬೇಕು, '?' ಅಂತ. ಕೋಟ್ ಒಳಗಿದ್ದರೆ ಅದು ಸುಮ್ನೆ ಒಂದು ಅಕ್ಷರ. ಕೋಟ್ ತೆಗೆಯಿರಿ. ಬೈಂಡ್ ವಾಪಸ್ ಕೊಡುವ ನಂಬರನ್ನೂ ನೋಡಿ. ಈಗ 25 ಬರುತ್ತಿರುತ್ತದೆ, ಅಂದರೆ ಆ ಸ್ಥಾನದಲ್ಲಿ ಪ್ಯಾರಾಮೀಟರೇ (ತುಂಬಬೇಕಾದ ? ಜಾಗ) ಇಲ್ಲ ಅಂತ. ಈ ಸ್ಥಾನಗಳ ಎಣಿಕೆ 1ರಿಂದ ಶುರು, 0 ಕೊಟ್ಟರೂ ಅದೇ 25. ಮತ್ತೆ, ಒಂದೇ ಬಫರ್‌ಗೆ (ತಾತ್ಕಾಲಿಕ ಮೆಮೊರಿ ಜಾಗಕ್ಕೆ) ಹೆಸರುಗಳನ್ನು ಓದುತ್ತಿದ್ದರೆ ಬೈಂಡ್‌ನ ಕೊನೆಗೆ ಎಸ್‌ಕ್ಯೂಲೈಟ್_ಟ್ರಾನ್ಸಿಯೆಂಟ್ ಹಾಕಿ. ಆಗ ಅದು ತನ್ನದೇ ಒಂದು ಕಾಪಿ ಇಟ್ಟುಕೊಳ್ಳುತ್ತದೆ.