ನಿರುದ್ಯೋಗ ಹಣ್ಣಾಗಬೇಕು

ಶಿವಮೊಗ್ಗದ ಗೋಪಿ ವೃತ್ತದಿಂದ ನಾಲ್ಕು ಹೆಜ್ಜೆ ಒಳಗಿರುವ ಹೋಟೆಲಿನ ಮೂಲೆಯ ಮೇಜು ಸಂಜೆ ಐದೂವರೆಯಿಂದ ಏಳರವರೆಗೆ ನಮ್ಮದು. ಈ ವಿಷಯದಲ್ಲಿ ಮಾಲೀಕರಿಗೂ ನಮಗೂ ಒಪ್ಪಂದವೇನೂ ಆಗಿಲ್ಲ. ಬೇರೆ ಯಾರಾದರೂ ಅಲ್ಲಿ ಕುಳಿತಿದ್ದರೆ ನಾವು ಅವರ ಪಕ್ಕದಲ್ಲೇ ನಿಂತು ಸಕ್ಕರೆ ಕಾಯಿಲೆಯ ಬಗ್ಗೆ ಗಟ್ಟಿಯಾಗಿ ಮಾತನಾಡತೊಡಗುತ್ತೇವೆ, ಅವರಾಗಿಯೇ ಜಾಮೂನು ಬಿಟ್ಟು ಎದ್ದು ಹೋಗುತ್ತಾರೆ. ಮೇಜಿನ ಕಾಯಂ ಸದಸ್ಯರು ಐವರು. ನಿವೃತ್ತ ಮುಖ್ಯೋಪಾಧ್ಯಾಯರಾದ ಶಾಮರಾಯರು, ಮೂವತ್ತಮೂರು ವರ್ಷ ತಾಲ್ಲೂಕು ಕಚೇರಿಯಲ್ಲಿ ಜನರ ಅರ್ಜಿಗಳನ್ನು ಮೇಜಿನ ಆಚೆ ಬದಿಯಿಂದ ನೋಡಿದ ಸರೋಜಮ್ಮನವರು, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಗೌಡರು, ಪಂಚಾಂಗವನ್ನು ಮೊಬೈಲಿಗೆ ಇಳಿಸಿಕೊಂಡಿರುವ ಜೋಯಿಸರು ಮತ್ತು ಬ್ಯಾಂಕಿನಲ್ಲಿ ಕ್ಯಾಷಿಯರಾಗಿ ಸೇರಿ ಕ್ಯಾಷಿಯರಾಗಿಯೇ ಹೊರಬಂದ ನಾನು.

2024ರ ಅಕ್ಟೋಬರಿನ ಒಂದು ಸಂಜೆ ಗೌಡರು ಬರುವಾಗಲೇ ಮುಖವನ್ನು ಕೊಳೆರೋಗ ತಗುಲಿದ ಅಡಿಕೆ ಗೊನೆಯಂತೆ ಮಾಡಿಕೊಂಡಿದ್ದರು. ಅವರ ತಂಗಿಯ ಮಗ ಕಿರಣ ಆ ವರ್ಷವೇ ಬಿ.ಕಾಂ. ಮುಗಿಸಿ ಮನೆಯಲ್ಲಿ ಕುಳಿತಿದ್ದನು. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಗೆ ಅರ್ಜಿ ಹಾಕಲು ಯುವಕರಿಗೆ ಅದೇ ತಿಂಗಳ 12ರಿಂದ ಅವಕಾಶ ತೆರೆದಿತ್ತು. ಹುಡುಗನಿಗೆ ಅರ್ಜಿ ಹಾಕುವ ಮನಸ್ಸಿದೆ, ಆದರೆ ತಾನು ಅರ್ಹನೋ ಅಲ್ಲವೋ ಎಂಬುದು ಅವನಿಗೆ ತಿಳಿಯುತ್ತಿಲ್ಲ, ನೀವೆಲ್ಲ ತಿಳಿದವರು, ಸ್ವಲ್ಪ ನೋಡಿ ಹೇಳಿ ಎಂದು ಗೌಡರು ಮುದ್ರಿಸಿದ ಕೆಲವು ಹಾಳೆಗಳನ್ನು ಮೇಜಿನ ಮೇಲಿಟ್ಟರು. ‘ತಿಳಿದವರು’ ಎಂಬ ಮಾತು ಕಿವಿಗೆ ಬಿದ್ದೊಡನೆ ಶಾಮರಾಯರ ಕೈ ತಾನಾಗಿಯೇ ಕನ್ನಡಕದ ಡಬ್ಬಿಗೆ ಹೋಯಿತು.

“ಐದು ವರ್ಷಗಳಲ್ಲಿ ಒಂದು ಕೋಟಿ ಯುವಕರಿಗೆ ದೇಶದ 500 ದೊಡ್ಡ ಕಂಪನಿಗಳಲ್ಲಿ ಒಂದು ವರ್ಷದ ತರಬೇತಿ ಕೊಡಿಸುವುದಾಗಿ ಜುಲೈ ತಿಂಗಳ ಬಜೆಟ್‌ನಲ್ಲಿ ಹೇಳಿದ್ದರಲ್ಲವೇ, ಅದೇ ಇದು,” ಎಂದು ರಾಯರು ಆರಂಭಿಸಿದರು. “ತಿಂಗಳಿಗೆ 5,000 ರೂಪಾಯಿ. ಅದರಲ್ಲಿ 4,500 ಸರ್ಕಾರದ್ದು, 500 ಕಂಪನಿಯದ್ದು. ಸೇರುವಾಗ ಒಂದೇ ಬಾರಿಗೆ 6,000. ವಯಸ್ಸು 21ರಿಂದ 24.”

“ವಯಸ್ಸು 22 ನಡೆಯುತ್ತಿದೆ. ಹಾಗಾದರೆ ಆಯಿತಲ್ಲ?” ಎಂದರು ಗೌಡರು.

“ಗೌಡರೇ, ಅರ್ಜಿಯಲ್ಲಿ ಯಾರು ಬರಬಹುದು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿರುತ್ತಾರೆ, ಯಾರು ಬರಕೂಡದು ಎಂಬುದನ್ನು ಒಂದು ಪುಟದಲ್ಲಿ ಬರೆದಿರುತ್ತಾರೆ. ನಾನು ಯಾವಾಗಲೂ ಎರಡನೆಯದನ್ನೇ ಮೊದಲು ಓದುತ್ತಿದ್ದೆ,” ಎಂದು ಸರೋಜಮ್ಮನವರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ಐ.ಐ.ಟಿ., ಐ.ಐ.ಎಂ.ಗಳಲ್ಲಿ ಓದಿದವರು ಬರಕೂಡದು. ಸ್ನಾತಕೋತ್ತರ ಪದವಿ ಪಡೆದವರು, ಸಿ.ಎ. ಮಾಡಿದವರು, ಎಂ.ಬಿ.ಬಿ.ಎಸ್. ಮಾಡಿದವರು ಬರಕೂಡದು. ಮನೆಯಲ್ಲಿ ಯಾರೊಬ್ಬರ ವರಮಾನವೂ ವರ್ಷಕ್ಕೆ ಎಂಟು ಲಕ್ಷ ಮೀರಿರಕೂಡದು. ಇಲ್ಲಿ ಮನೆಯವರು ಎಂದರೆ ತಂದೆ, ತಾಯಿ ಮತ್ತು ಮದುವೆಯಾಗಿದ್ದರೆ ಹೆಂಡತಿ.”

ಜೋಯಿಸರು ಕೂಡಲೇ ಎಚ್ಚೆತ್ತರು. “ಹಾಗಾದರೆ ಒಳ್ಳೆಯ ಸಂಬಳದ ಸೊಸೆಯನ್ನು ಈ ವರ್ಷ ನೋಡಬೇಡಿ ಗೌಡರೇ. ಅವನಿಗೆ ಹೇಗೂ ಗುರುಬಲ ಬರುವುದು ಮುಂದಿನ ವರ್ಷವೇ.”

“ಅವನಿಗೆ ಒಳ್ಳೆಯ ಸಂಬಳದ ಹುಡುಗಿಯನ್ನು ಕೊಡಲು ಜನ ಗೋಪಿ ವೃತ್ತದವರೆಗೂ ಸಾಲು ನಿಂತಿದ್ದಾರೆ ನೋಡಿ,” ಎಂದು ಗೌಡರು ನಿಟ್ಟುಸಿರು ಬಿಟ್ಟರು.

ಸರೋಜಮ್ಮನವರ ಬೆರಳು ಮುಂದಿನ ಸಾಲಿನ ಮೇಲೆ ನಿಂತಿತು. “ತಂದೆ ಅಥವಾ ತಾಯಿ ಸರ್ಕಾರಿ ನೌಕರರಾಗಿರಕೂಡದು. ಗೌಡರೇ, ನಿಮ್ಮ ಭಾವ ಇಲಾಖೆಯ ಜೀಪು ಓಡಿಸುತ್ತಾರಲ್ಲ?”

ಗೌಡರು ಎತ್ತಿದ ಲೋಟವನ್ನು ಹಾಗೆಯೇ ಕೆಳಗಿಟ್ಟರು. ಮೇಜು ಒಂದು ನಿಮಿಷ ಮೌನವಾಯಿತು. ಸರೋಜಮ್ಮನವರು ಮಾತ್ರ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ವಿವರಣೆಗೆ ಇಳಿದು, ‘ನೌಕರ’ ಎಂದರೆ ಕಾಯಂ ನೌಕರ ಮಾತ್ರ, ಗುತ್ತಿಗೆಯವರು ಆ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಅಗೆದು ತೆಗೆದರು. ಗೌಡರ ಭಾವ ಹತ್ತೊಂಬತ್ತು ವರ್ಷಗಳಿಂದ ಗುತ್ತಿಗೆಯ ಚಾಲಕರು. ಕಾಯಂ ಮಾಡಿ ಎಂದು ಅವರು ಕೊಟ್ಟ ಮನವಿಗಳನ್ನು ಒಂದರ ಮೇಲೊಂದು ಜೋಡಿಸಿದರೆ ಅದರ ಮೇಲೆ ಹತ್ತಿ ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ತೆಗೆಯಬಹುದು. ಆ ಮನವಿಗಳಿಗೆ ಉತ್ತರ ಬಾರದೆ ಇದ್ದದ್ದೇ ಈಗ ಮಗನ ಪಾಲಿಗೆ ಅರ್ಹತೆಯಾಯಿತು ಎಂದು ಗೌಡರಿಗೆ ಸಂತೋಷವಾಯಿತೋ, ತಂಗಿಯ ನೆನಪಾಗಿ ದುಃಖವಾಯಿತೋ ನನಗೆ ತಿಳಿಯಲಿಲ್ಲ. ಅವರು ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಹೇಳಿದರು.

ನಾನು ಬ್ಯಾಂಕಿನವನಾದ್ದರಿಂದ ದುಡ್ಡಿನ ಪ್ರಶ್ನೆ ಎತ್ತುವುದು ನನ್ನ ಧರ್ಮವಾಗಿತ್ತು. ಕಂಪನಿ ಬೆಂಗಳೂರಿನಲ್ಲಿದ್ದರೆ 5,000 ರೂಪಾಯಿ ಪಿ.ಜಿ.ಯ ಹಾಸಿಗೆಯೊಂದಕ್ಕೂ ಸಾಲದು. ಅದರ ಬದಲು ರಾಜ್ಯ ಸರ್ಕಾರದ ಯುವನಿಧಿಗೆ ಅರ್ಜಿ ಹಾಕಿದರೆ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ ಖಾತೆಗೆ ಬರುತ್ತದೆ, ಎರಡು ವರ್ಷದವರೆಗೂ ಬರುತ್ತದೆ, ಅಮ್ಮನ ಅಕ್ಕಿರೊಟ್ಟಿ ಪ್ರತ್ಯೇಕ ಎಂದು ನಾನು ಲೆಕ್ಕ ಒಪ್ಪಿಸಿದೆ. ಆ ಯೋಜನೆ ಉದ್ಘಾಟನೆಯಾದದ್ದೂ ನಮ್ಮ ಊರಿನಲ್ಲಿಯೇ, 2024ರ ಜನವರಿ 12ರಂದು, ಫ್ರೀಡಂ ಪಾರ್ಕಿನಲ್ಲಿ. ಅದು ಹಳೆಯ ಜೈಲಿನ ಜಾಗ. ನಿರುದ್ಯೋಗಿಗಳಿಗೆ ಬಿಡುಗಡೆ ಘೋಷಿಸಲು ಅದಕ್ಕಿಂತ ಒಳ್ಳೆಯ ಸ್ಥಳ ಸಿಕ್ಕುತ್ತಿರಲಿಲ್ಲ ಎಂದು ಜೋಯಿಸರು ಆಗಲೂ ಹೇಳಿದ್ದರು, ಈಗಲೂ ಹೇಳಿದರು.

“ಆದರೆ ಅದಕ್ಕೆ ಪದವಿ ಮುಗಿಸಿ 180 ದಿನ ಕೆಲಸವಿಲ್ಲದೆ ಕಳೆದಿರಬೇಕು,” ಎಂದರು ರಾಯರು. “ಕಿರಣನ ಫಲಿತಾಂಶ ಬಂದು ಎರಡು ತಿಂಗಳೂ ಆಗಿಲ್ಲ.”

“ಅಂದರೆ ಈಗ ಅವನು ಏನು?” ಎಂದು ಗೌಡರು ಕೇಳಿದರು. “ಅವನಿಗೆ ಕೆಲಸವೂ ಇಲ್ಲ, ಅವನು ನಿರುದ್ಯೋಗಿಯೂ ಅಲ್ಲವೇ?”

“ನಿರುದ್ಯೋಗ ಇದೆ ಗೌಡರೇ, ಇನ್ನೂ ಹಣ್ಣಾಗಿಲ್ಲ,” ಎಂದು ಸರೋಜಮ್ಮನವರು ಸಮಾಧಾನ ಹೇಳಿದರು. “ನೀವು ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುವುದಿಲ್ಲವೇ? ಹಾಗೆ ನೂರ ಎಂಬತ್ತು ದಿನ ಮನೆಯಲ್ಲಿ ಮುಚ್ಚಿಡಬೇಕು. ನಡುವೆ ಯಾರಾದರೂ ಕರೆದು ಕೆಲಸ ಕೊಟ್ಟುಬಿಟ್ಟರೆ ಕಾಯಿ ಕೊಳೆತ ಹಾಗೆ.”

“ಹಣ್ಣಾದ ಮೇಲೂ ಬಿಡುವುದಿಲ್ಲ,” ಎಂದು ರಾಯರು ಸೇರಿಸಿದರು. “ಈಗಲೂ ನಾನು ನಿರುದ್ಯೋಗಿಯೇ ಎಂದು ವರ್ಷದಲ್ಲಿ ಹಲವು ಬಾರಿ ಸ್ವಯಂ ಘೋಷಣೆ ಮಾಡಿಕೊಳ್ಳಬೇಕು.”

ಇದು ನಮ್ಮ ಮೇಜಿಗೆ ಸ್ವಲ್ಪ ನಾಟಿತು. ಪಿಂಚಣಿದಾರರಾದ ನಾವು ವರ್ಷಕ್ಕೊಮ್ಮೆ, ನವೆಂಬರ್ ತಿಂಗಳಿನಲ್ಲಿ, ಬದುಕಿದ್ದೇವೆ ಎಂದು ಹೇಳಿದರೆ ಸರ್ಕಾರ ನಂಬುತ್ತದೆ. ಇಪ್ಪತ್ತೆರಡರ ಹುಡುಗ ಮಾತ್ರ ತಾನು ಇನ್ನೂ ದಡ ಸೇರಿಲ್ಲ ಎಂಬುದನ್ನು ಮತ್ತೆ ಮತ್ತೆ ಹೇಳಬೇಕು. ಅರವತ್ತೆಂಟರ ವಯಸ್ಸಿನ ನಮ್ಮ ಪ್ರಾಣಕ್ಕಿಂತ ಅವನ ನಿರುದ್ಯೋಗವೇ ಬೇಗ ಹೋಗಬಹುದು ಎಂದು ಸರ್ಕಾರ ಎಣಿಸಿರುವುದಾದರೆ ಅದನ್ನು ಆಶಾವಾದ ಎಂದೇ ಕರೆಯಬೇಕು.

ಇಷ್ಟರಲ್ಲಿ ಮೂರನೆಯ ಬಾಗಿಲನ್ನು ತೆರೆದವರು ಶಾಮರಾಯರು. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ಪದವೀಧರರಿಗೆ ಒಂದು ವರ್ಷದ ತರಬೇತಿ ಇರುತ್ತದೆ, ನಮ್ಮ ಕಡೆಯ ಹುಡುಗರ ವ್ಯವಹಾರವನ್ನು ಚೆನ್ನೈನಲ್ಲಿರುವ ಮಂಡಳಿ ನೋಡಿಕೊಳ್ಳುತ್ತದೆ, ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಅದರಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ, ಇಂಜಿನಿಯರುಗಳಷ್ಟೇ ಅಲ್ಲ, ಬಿ.ಕಾಂ. ಆದವರೂ ಹೋಗಬಹುದು ಎಂದು ಅವರು ಹೇಳುತ್ತಾ ಹೋದಂತೆ ಗೌಡರ ಮುಖದ ಕೊಳೆರೋಗ ಇಳಿಯತೊಡಗಿತು. 9,000 ಎಂಬುದು ಆ ಸಂಜೆ ನಾವು ಕೇಳಿದ ಅತಿ ದೊಡ್ಡ ತಿಂಗಳ ಮೊತ್ತವಾಗಿತ್ತು.

“ಹಾಗಾದರೆ ಮೂರಕ್ಕೂ ಹಾಕಿಬಿಡಲಿ. ಯಾವುದು ಬರುತ್ತದೋ ಅದು,” ಎಂದರು ಗೌಡರು.

“ಹಾಕಲಿ. ಆದರೆ ಅಪ್ರೆಂಟಿಸ್ ತರಬೇತಿ ಮುಗಿಸಿದವನು ಆಮೇಲೆ ಪ್ರಧಾನಮಂತ್ರಿ ಯೋಜನೆಯ ಕಡೆಗೆ ತಲೆ ಹಾಕುವಂತಿಲ್ಲ,” ಎಂದರು ಸರೋಜಮ್ಮ. “ಅಪ್ರೆಂಟಿಸ್ ವೇತನ ಪಡೆಯುತ್ತಿರುವವನಿಗೆ ಯುವನಿಧಿ ಇಲ್ಲ. ಒಂದು ವರ್ಷ ಎಲ್ಲಾದರೂ ಕೆಲಸ ಮಾಡಿ ಅನುಭವ ಪಡೆದವನನ್ನು ಅಪ್ರೆಂಟಿಸ್ ಜಾಹೀರಾತಿನವರು ಬೇಡ ಎನ್ನುತ್ತಾರೆ.”

“ಖಾಸಗಿಯವರ ಬಳಿ ಹೋದರೆ ಅನುಭವ ಇಲ್ಲ ಎಂದು ಕಳುಹಿಸುತ್ತಾರೆ. ಇಲ್ಲಿ ಅನುಭವ ಇದೆ ಎಂದು ಕಳುಹಿಸುತ್ತಾರೋ?” ಎಂದು ಜೋಯಿಸರು ಕೇಳಿದರು. ಜಾತಕಗಳಲ್ಲಿಯೂ ಇಂಥದ್ದೊಂದು ದೋಷವಿದೆ, ಆದರೆ ಅದಕ್ಕೆ ಶಾಂತಿ ಮಾಡಿಸಬಹುದು ಎಂದೂ ಹೇಳಿದರು.

ಅರ್ಜಿಯ ನಿಜವಾದ ಕಂಟಕ ಹೊರಬಿದ್ದದ್ದು ಮರುದಿನ. ಕಿರಣ ತನ್ನ ಕಾಗದಪತ್ರಗಳ ಪ್ಲಾಸ್ಟಿಕ್ ಫೈಲಿನೊಂದಿಗೆ ಹೋಟೆಲಿಗೇ ಬಂದನು. ಸರೋಜಮ್ಮನವರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನೂ ಆಧಾರ್ ಕಾರ್ಡನ್ನೂ ಪಕ್ಕಪಕ್ಕದಲ್ಲಿಟ್ಟು, ತಟ್ಟೆಗೆ ಚೆಲ್ಲಿದ್ದ ಕಾಫಿಯಲ್ಲಿ ಬೆರಳದ್ದಿ ಮೇಜಿನ ಕಲ್ಲಿನ ಮೇಲೆ ಎರಡು ಹೆಸರುಗಳನ್ನು ಬರೆದರು. ಅಂಕಪಟ್ಟಿಯಲ್ಲಿ ‘ಕಿರಣ ಬಿ.’, ಆಧಾರಿನಲ್ಲಿ ‘ಬಿ. ಕಿರಣ್ ಕುಮಾರ’.

“ಇವರಲ್ಲಿ ನೀನು ಯಾರಪ್ಪ?” ಎಂದು ಅವರು ಬಹಳ ವಾತ್ಸಲ್ಯದಿಂದ ಕೇಳಿದರು.

“ಇಬ್ಬರೂ ನಾನೇ, ಅಮ್ಮ.”

“ಅದು ನನಗೆ ಗೊತ್ತು. ಕಂಪ್ಯೂಟರಿಗೆ ಇವರಿಬ್ಬರ ಪರಿಚಯವಿಲ್ಲ. ‘ಬಿ.’ ಮುಂದೆ ನಿಂತರೆ ಒಬ್ಬ, ಹಿಂದೆ ನಿಂತರೆ ಇನ್ನೊಬ್ಬ. ಈ ಕುಮಾರ ಎಲ್ಲಿಂದ ಬಂದ?”

ಆಧಾರ್ ನೋಂದಣಿಗೆ ಹೋದಾಗ ‘ಕಿರಣ’ ಎಂದು ಬರೀ ಮೂರು ಅಕ್ಷರ ಹೇಳುವುದು ಮರ್ಯಾದೆಯಲ್ಲ ಎನಿಸಿ ಅವನ ಅಜ್ಜಿ ‘ಕುಮಾರ’ನನ್ನು ಸೇರಿಸಿದ್ದರಂತೆ. ಅಜ್ಜಿ ಈಗ ಇಲ್ಲ, ಕುಮಾರ ಉಳಿದಿದ್ದಾನೆ. ಆತನನ್ನು ತೆಗೆಸಲು ಆಧಾರ್ ಕೇಂದ್ರದಲ್ಲಿ ಒಂದು ದಿನ ಹೋಯಿತು, ಬದಲಾದ ಕಾರ್ಡು ಬರುವವರೆಗೆ ಇರಲಿ ಎಂದು ‘ಇಬ್ಬರೂ ಒಬ್ಬನೇ’ ಎಂಬ ಪ್ರಮಾಣಪತ್ರವನ್ನು ನೋಟರಿಯ ಮುಂದೆ ಮಾಡಿಸಲು ಇನ್ನೊಂದು ದಿನ ಹೋಯಿತು. ತಾನು ತಾನೇ ಎಂದು ಛಾಪಾ ಕಾಗದದ ಮೇಲೆ ಬರೆದುಕೊಡುವುದು ವೇದಾಂತದ ಕೊನೆಯ ಮೆಟ್ಟಿಲು ಎಂದು ಜೋಯಿಸರು ಹುಡುಗನ ಬೆನ್ನು ತಟ್ಟಿದರು.

ಎಲ್ಲ ಸರಿಯಾಗಿ ಅರ್ಜಿ ತುಂಬಲು ಕುಳಿತಾಗ ಒ.ಟಿ.ಪಿ. ಬರಬೇಕಾದ ಮೊಬೈಲು ಅಪ್ಪನದು ಎಂದು ತಿಳಿಯಿತು. ಮನೆಗೆಲ್ಲ ಒಂದೇ ಫೋನು ಇದ್ದ ಕಾಲದಲ್ಲಿ ಕೊಟ್ಟ ಸಂಖ್ಯೆ ಅದು. ಅಪ್ಪ ಸಾಹೇಬರನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುತ್ತಿದ್ದರು. ಘಾಟಿಯಲ್ಲಿ ಸಿಗ್ನಲ್ ಇರುವುದಿಲ್ಲ. ಹತ್ತು ನಿಮಿಷ ಮಾತ್ರ ಬದುಕುವ ಆರು ಅಂಕಿಗಳು ಆಗುಂಬೆಯ ಮಂಜಿನಲ್ಲಿ ದಾರಿ ತಪ್ಪಿ ಮೂರು ಬಾರಿ ಸತ್ತವು. ನಾಲ್ಕನೆಯ ಬಾರಿ ಭಾವ ಘಾಟಿಯಿಂದ ಕೆಳಗಿಳಿದು, ಸೋಮೇಶ್ವರದಲ್ಲಿ ಚಹಾಕ್ಕೆಂದು ಜೀಪು ನಿಲ್ಲಿಸಿ, ಅಂಕಿಗಳನ್ನು ಒಂದೊಂದಾಗಿ ಕೂಗಿ ಹೇಳಿದರು. ಇಲ್ಲಿ ನಾವು ಐವರೂ ಅವನ್ನು ಒಂದೇ ಸಮನೆ ಪುನರುಚ್ಚರಿಸಿದ್ದರಿಂದ ಪಕ್ಕದ ಮೇಜಿನವರು ಲಾಟರಿಯ ಫಲಿತಾಂಶವೆಂದು ತಿಳಿದು ಸಂಖ್ಯೆ ಬರೆದುಕೊಂಡರು.

ಆ ಸುತ್ತಿನಲ್ಲಿ ಐದು ಆಯ್ಕೆಗಳನ್ನು ಕೊಡಬಹುದಿತ್ತು. ಕಿರಣ ಐದನ್ನೂ ಕೊಟ್ಟನು. ಅದೇ ಕೈಯಲ್ಲಿ ಅಪ್ರೆಂಟಿಸ್ ತರಬೇತಿಗೂ ಹೆಸರು ನೋಂದಾಯಿಸಿ, ಬೆಂಗಳೂರಿನ ಒಂದು ಸರ್ಕಾರಿ ಉದ್ದಿಮೆಗೆ ಅರ್ಜಿ ಹಾಕಿದನು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಎರಡೂ ಕಡೆಯಿಂದ ಕರೆ ಬಂತು. ಇಂಟರ್ನ್‌ಶಿಪ್ ಸಿಕ್ಕಿದ್ದು ಪಕ್ಕದ ರಾಜ್ಯದ ಒಂದು ಕೈಗಾರಿಕಾ ಪಟ್ಟಣದಲ್ಲಿ. 5,000 ರೂಪಾಯಿಯಲ್ಲಿ ಅಲ್ಲಿ ಉಳಿದು, ಉಂಡು, ಹಬ್ಬಕ್ಕೆ ಊರಿಗೆ ಬರುವುದು ಹೇಗೆಂದು ನಾನು ಮೂರು ರೀತಿಯಲ್ಲಿ ಲೆಕ್ಕ ಹಾಕಿದೆ, ಮೂರರಲ್ಲಿಯೂ ಹಬ್ಬ ಬಿಟ್ಟುಹೋಯಿತು. ನನ್ನ ಲೆಕ್ಕ ನನ್ನೊಬ್ಬನದೇ ಆಗಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಮೊದಲ ಸುತ್ತಿನಲ್ಲಿ 82 ಸಾವಿರಕ್ಕೂ ಹೆಚ್ಚು ಕರೆಗಳು ಹೋಗಿದ್ದರೂ ಒಪ್ಪಿಕೊಂಡವರು ಸುಮಾರು 28 ಸಾವಿರ ಮಂದಿ ಮಾತ್ರ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಕಿರಣ 9,000ದ ಕಡೆಗೆ ಹೋದನು. ಹೊರಡುವ ಗಳಿಗೆಯನ್ನು ಜೋಯಿಸರು ಇಟ್ಟುಕೊಟ್ಟರು, ಸಾರಿಗೆ ಸಂಸ್ಥೆಯ ಬಸ್ಸು ಅದಕ್ಕಿಂತ ಹನ್ನೆರಡು ನಿಮಿಷ ಮೊದಲೇ ಹೊರಟಿತು.

ಇದಾದ ಮೇಲೆ 2025ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಗಿ, 60 ಪ್ರಶ್ನೆಗಳನ್ನು ಹಿಡಿದುಕೊಂಡು ಶಾಲಾ ಶಿಕ್ಷಕಿಯೊಬ್ಬರು ಗೌಡರ ತಂಗಿಯ ಮನೆಗೆ ಬಂದರು. ಮಗನ ಉದ್ಯೋಗ ಏನು ಎಂದು ಅವರು ಕೇಳಿದಾಗ ತಾಯಿಗೆ ಏನು ಹೇಳಬೇಕೋ ತೋಚದೆ ಅಣ್ಣನಿಗೆ ಫೋನು ಮಾಡಿದರು, ಗೌಡರು ಫೋನನ್ನು ಮೇಜಿನ ನಡುವೆ ಎಲ್ಲರಿಗೂ ಕೇಳುವಂತೆ ಇಟ್ಟರು.

“ಕೆಲಸದಲ್ಲಿದ್ದಾನೆ ಎಂದು ಬರೆಸಿ,” ಎಂದೆ ನಾನು.

“ಹಾಗೆ ಬರೆಸಲು ಬರುವುದಿಲ್ಲ,” ಎಂದರು ಶಾಮರಾಯರು. “ಅಪ್ರೆಂಟಿಸ್ ಕಾಯ್ದೆಯ 18ನೆಯ ಕಲಮು ಓದಿ. ಅವನು ತರಬೇತಿ ಪಡೆಯುವವನು, ಕೆಲಸಗಾರನಲ್ಲ.”

“ಹಾಗಾದರೆ ನಿರುದ್ಯೋಗಿ ಎಂದು ಬರೆಸಲೇ?” ಎಂದು ಆ ಕಡೆಯಿಂದ ತಾಯಿ ಕೇಳಿದರು.

“ಅದೂ ಆಗುವುದಿಲ್ಲ, ವೇತನ ಪಡೆಯುತ್ತಿದ್ದಾನಲ್ಲ.”

“ವಿದ್ಯಾರ್ಥಿ?”

“ಪದವಿ ಮುಗಿದಿದೆ ತಾಯಿ.”

ಎಲ್ಲರೂ ಸರೋಜಮ್ಮನವರ ಮುಖ ನೋಡಿದೆವು. ಅವರು ಸಕ್ಕರೆಯಿಲ್ಲದ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದು, ಮೂವತ್ತಮೂರು ವರ್ಷಗಳ ಸೇವೆಯನ್ನು ದನಿಗೆ ತಂದುಕೊಂಡು, “‘ಇತರೆ’ ಎಂಬ ಮನೆ ಇರುತ್ತದೆ, ಅದರಲ್ಲಿ ಹಾಕಿಸಮ್ಮ,” ಎಂದರು.

ಶಿಕ್ಷಕಿ ಒಪ್ಪಿಕೊಂಡರು. ಉಳಿದ ಪ್ರಶ್ನೆಗಳೂ ಮುಗಿದವು. ಕೊನೆಯಲ್ಲಿ ಒಂದು ಒ.ಟಿ.ಪಿ. ಹೇಳಬೇಕು, ಯಜಮಾನರ ಮೊಬೈಲಿಗೆ ಹೋಗಿದೆ, ಅವರು ಎಲ್ಲಿದ್ದಾರೆ ಎಂದು ಆಕೆ ಕೇಳಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು. ಗೌಡರು ಕೈಗಡಿಯಾರ ನೋಡಿಕೊಂಡು, ಜೀಪು ಈಗ ಘಾಟಿಯ ಏಳನೆಯ ತಿರುವಿನಲ್ಲಿರಬೇಕು, ಅವರಿಗೆ ಚಹಾ ಮಾಡಿಕೊಡು ಎಂದು ತಂಗಿಗೆ ಹೇಳಿದರು.