ಬಿಪಿ ಮಾತ್ರೆಯಿಂದ ಕಾಲು ಊದುತ್ತಾ?

ಪ್ರಶ್ನೆ: ಎರಡು ತಿಂಗಳಿಂದ ಅಮ್ಲೋಡಿಪಿನ್ 10 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. 160/100 ಇದ್ದ ಬಿಪಿ 128/82ಕ್ಕೆ ಇಳಿದಿದೆ. ಆದರೆ ಸಂಜೆಯಾದರೆ ಪಾದ ಊದಿ ಚಪ್ಪಲಿಗೆ ಹಿಡಿಸುವುದಿಲ್ಲ. ಬಿಪಿ ಸರಿಯಾಯ್ತಲ್ಲ, ಮಾತ್ರೆ ಬಿಟ್ಟುಬಿಡಲಾ?

ಉತ್ತರ 1: ಬಿಡಬೇಡಿ! ಬಿಪಿ ಇಳಿದಿರುವುದೇ ಮಾತ್ರೆಯಿಂದ ಅಲ್ವಾ? ನನಗೂ ಹೀಗೇ ಆಗಿತ್ತು. ಈ ಮಾತ್ರೆ ಸಣ್ಣ ರಕ್ತನಾಳಗಳನ್ನು ಅಗಲ ಮಾಡುತ್ತದೆ, ನೀರು ಜಿನುಗಿ ಪಾದದಲ್ಲಿ ನಿಲ್ಲುತ್ತದೆ. ಡೋಸ್ ಜಾಸ್ತಿಯಾದಷ್ಟೂ ಊತ ಜಾಸ್ತಿ. ಡಾಕ್ಟರು 5ಕ್ಕೆ ಇಳಿಸಿ ಟೆಲ್ಮಿಸಾರ್ಟನ್ ಅನ್ನೋ ಇನ್ನೊಂದು ಬಿಪಿ ಮಾತ್ರೆ ಸೇರಿಸಿದರು. ಮೂರು ವಾರದಲ್ಲಿ ಊತ ಇಳಿಯಿತು. ಅಲ್ಲಿಯವರೆಗೆ ಸುಮ್ನೆ ಉಪ್ಪನ್ನು ಬೈಯುತ್ತಿದ್ದೆ.

ಉತ್ತರ 2: ಉಸಿರು ಕಟ್ಟಿದರೆ, ಒಂದೇ ಕಾಲು ಊದಿದರೆ ತಡಮಾಡದೆ ತೋರಿಸಿ. ನೋವಿಗೆ ಐಬುಪ್ರೊಫೆನ್ ನುಂಗುತ್ತೀರಾ? ಅದೂ ಬಿಪಿ ಏರಿಸಬಹುದು.

ಪ್ರಶ್ನೆ ಕೇಳಿದವರು: ಅಯ್ಯೋ, ಮಂಡಿನೋವಿಗೆ ವಾರಕ್ಕೆ ನಾಲ್ಕು ನುಂಗುತ್ತೇನೆ! ನಾಳೆಯೇ ಡಾಕ್ಟರಿಗೆ ಹೇಳುತ್ತೇನೆ.